ಮೂರನೇ ಬಾವಿಯ ಚಾವಣಿ

ಸ್ರವಂತಿ ನಾಗುಲಗಡ್ಡದ ಮೂರನೇ ಬಾವಿಗೆ ಬಂದು ಸೇರಿದಾಗ, ಆ ಬಾವಿಯ ಆಯುಷ್ಯ ಮುಗಿಯಿತೆಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಗೋದಾವರಿಯ ಈಚೆ ದಂಡೆಯ ಆ ಕಲ್ಲಿದ್ದಲ ಸೀಮೆಯಲ್ಲಿ ಗಣಿಗೆ ಗಣಿ ಎಂದವರಿಲ್ಲ, ಬಾವಿ ಎಂದೇ ವಾಡಿಕೆ. ಒಂದನೇ ಬಾವಿ ಮುಚ್ಚಿ ಅದರ ಬಾಯಿಗೆ ಲಂಟಾನ ಬೆಳೆದಿತ್ತು. ಎರಡನೆಯದರಲ್ಲಿ ನೀರು ನಿಂತಿತ್ತು. ಮೂರನೆಯದೂ ಮುಚ್ಚಿದರೆ ಅಲ್ಲಿನ ಜನ ನದಿಯಾಚೆಯ ತೆರೆದ ಗಣಿಗೆ ವರ್ಗವಾಗಿ ಲಾರಿಯ ಧೂಳು ಕುಡಿಯಬೇಕಿತ್ತು.

ಹಾಗೆಂದು ಒಳಗೆ ಕಲ್ಲಿದ್ದಲು ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು. ಆದರೆ ಅದೆಲ್ಲ ಚಾವಣಿಯನ್ನು ಹೊತ್ತು ನಿಂತ ಕಂಬಗಳಾಗಿತ್ತು. ಹಿಂದಿನವರು ದಾರಿಗಳನ್ನು ಕೊರೆದು, ನಡುನಡುವೆ ಒಂದೊಂದು ಮನೆಯಷ್ಟು ಅಗಲದ ಕಂಬಗಳನ್ನು ಬಿಟ್ಟು ಹೋಗಿದ್ದರು. ಈಗ ಆ ಕಂಬಗಳನ್ನೇ ಕರಗಿಸಬೇಕು. ಒಂದು ಕಂಬ ತೆಗೆದು, ಅದರ ಮೇಲಿನ ಚಾವಣಿಯನ್ನು ಬೀಳಲು ಬಿಟ್ಟು, ಹಿಂದಕ್ಕೆ ಸರಿದು ಮುಂದಿನ ಕಂಬಕ್ಕೆ ಕೈಹಾಕಬೇಕು. ಹಾಗೆ ಬೀಳಲು ಬಿಟ್ಟ ಜಾಗಕ್ಕೆ ಗೋಫು ಎನ್ನುತ್ತಾರೆ. ಗೋಫು ಬೀಳಬೇಕು, ಆದರೆ ಜನ ನಿಂತ ಜಾಗ ಬೀಳಬಾರದು. ಇಡೀ ಕಸುಬು ಇಷ್ಟೇ. ಕೆಲವು ವರ್ಷಗಳ ಹಿಂದೆ ಇದೇ ಕೆಲಸಕ್ಕೆ ಕೈಹಾಕಿದಾಗ ಬೀಳಬಾರದ ಜಾಗವೇ ಬಿದ್ದು ಒಂದು ಯಂತ್ರ ಹೂತುಹೋಗಿತ್ತು, ಇಬ್ಬರ ಕಾಲು ಮುರಿದಿತ್ತು. ಅಂದಿನಿಂದ ಆ ಭಾಗಕ್ಕೆ ಇಟ್ಟಿಗೆ ಗೋಡೆ ಎದ್ದಿತ್ತು.

ಈಗ ಇನ್ನೊಂದು ಭಾಗದಲ್ಲಿ ಕೊನೆಯ ಪ್ರಯತ್ನ. ಈ ಸಲ ಮರದ ಆಸರೆ ಇಲ್ಲ. ಚಾವಣಿಯಲ್ಲಿ ಆಳವಾಗಿ ತೂತು ಕೊರೆದು, ಅಂಟಿನ ಕೊಳವೆಗಳನ್ನು ತುರುಕಿ, ಉಕ್ಕಿನ ಬೋಲ್ಟುಗಳನ್ನು ಬಿಗಿಯುವುದು. ಪದರು ಪದರಾದ ಕಲ್ಲನ್ನು ಮೇಲಿನ ಗಟ್ಟಿ ಕಲ್ಲಿಗೆ ಹೊಲಿಗೆ ಹಾಕಿದಂತೆ. ಆ ಹೊಲಿಗೆ ಹೇಗಿದೆ, ಎಲ್ಲಿ ಸಡಿಲವಾಗುತ್ತಿದೆ ಎಂದು ದಿನವೂ ನೋಡುವುದಕ್ಕೆ ಒಬ್ಬರು ಬೇಕಿತ್ತು. ಅದಕ್ಕಾಗಿ ಬಂದವಳು ಗಜ್ಜೆಲ ಸ್ರವಂತಿ. ಕೊತ್ತಗೂಡೆಂನಲ್ಲಿ ಗಣಿಗಾರಿಕೆ ಓದಿದವಳು, ಮೂವತ್ತಕ್ಕೆ ಇನ್ನೂ ಒಂದೆರಡು ವರ್ಷ ಬಾಕಿ, ಮೆಣಸಿನ ಕಾಳಿನಂಥ ಕಪ್ಪು ಕಣ್ಣು, ಮಾತು ಕಡಿಮೆ. ಹೆಂಗಸರು ಬಾವಿಗೆ ಇಳಿಯಬಹುದೆಂದು ಸರಕಾರ ಒಪ್ಪಿ ಹೆಚ್ಚು ಕಾಲವಾಗಿರಲಿಲ್ಲ. ಜನ ಅವಳನ್ನು ಚಾವಣಿ ಮೇಡಂ ಎಂದು ಕರೆದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಅವಳು ತೂಗಿ ನೋಡಲು ಹೋಗಲಿಲ್ಲ.

ಅವಳು ಬಂದ ಮೇಲೆ ದಾರಿಗಳು ಕೂಡುವಲ್ಲೆಲ್ಲ ಚಾವಣಿಯಿಂದ ಜೋಡಿ ಪಟ್ಟಿಗಳು ಇಳಿಬಿದ್ದವು. ಗೇಣುದ್ದದ ಪಟ್ಟಿಗಳು, ಹಸಿರು, ಹಳದಿ, ಕೆಂಪು ಬಣ್ಣದವು. ಮೇಲಿನ ಕಲ್ಲಿಗೆ ಕಟ್ಟಿದ ತಂತಿಗೆ ಅವು ತೂಗುತ್ತಿದ್ದವು. ಚಾವಣಿ ಕೆಳಗೆ ಇಳಿದಷ್ಟೂ ಪಟ್ಟಿ ತೂತಿನ ಬಾಯೊಳಗೆ ಸೇರಿಕೊಳ್ಳುತ್ತದೆ. ಮೊದಲು ಹಸಿರು ಮಾಯ, ಆಮೇಲೆ ಹಳದಿ, ಕೊನೆಗೆ ಕೆಂಪು. ಜೋಡಿಯಲ್ಲಿ ಒಂದು, ಬೋಲ್ಟು ಹಿಡಿದಿರುವ ಕಲ್ಲು ಬಿರಿಯುತ್ತಿದೆಯೇ ಎಂದು ಹೇಳುತ್ತದೆ. ಇನ್ನೊಂದು, ಬೋಲ್ಟಿಗೂ ಮೇಲಿನ ಕಲ್ಲು ಜಗ್ಗುತ್ತಿದೆಯೇ ಎಂದು. ಬಾವಿಯ ಜನ ಅದಕ್ಕೆ ಲೋಲಾಕು ಎಂದು ಹೆಸರಿಟ್ಟರು.

"ಚಾವಣಿಗೆ ಲೋಲಾಕು ಹಾಕ್ಯಾಳ. ನಾಳೆ ಮೂಗುಬೊಟ್ಟೂ ಹಾಕ್ತಾಳ," ಎಂದ ಓವರ್‌ಮನ್ ಐಲಯ್ಯ.

ಐಲಯ್ಯ ಆ ಭಾಗದ ಯಜಮಾನ. ಪಾಳಿಯ ಜನರನ್ನು ಕೆಲಸಕ್ಕೆ ಹಚ್ಚುವವನು, ಹೊರಗೆ ಕರೆತರುವವನು ಅವನೇ. ದಪ್ಪ ದನಿ, ಬಿಳಿ ಮೀಸೆ, ಕೈಯಲ್ಲಿ ಕಬ್ಬಿಣದ ತುದಿಯ ಕೋಲು. ಕೋಲಿನಿಂದ ಚಾವಣಿಯನ್ನು ತಟ್ಟಿ, ಬಂದ ಸದ್ದಿನಲ್ಲೇ ಕಲ್ಲು ಗಟ್ಟಿಯೋ ಪೊಳ್ಳೋ ಎಂದು ಹೇಳುವುದು ಅವನ ರೂಢಿ. ಹಿಂದೆ ಯಂತ್ರ ಹೂತುಹೋದ ದಿನ ಕಾಲು ಮುರಿದುಕೊಂಡವರಲ್ಲಿ ಒಬ್ಬ ಅವನ ಬಾಮೈದ.

ಕೆಲಸ ಶುರುವಾಗಬೇಕಾದ ದಿನ ಬೆಳಗಿನ ಪಾಳಿಯ ಜನ ಬಾವಿಯ ಬಾಯಲ್ಲಿ ಬೇವಿನ ಮರದ ಕೆಳಗೆ ಕೂತುಬಿಟ್ಟರು. ಯಾರೂ ಟೋಪಿ ಹಾಕಿಕೊಳ್ಳಲಿಲ್ಲ. ಮ್ಯಾನೇಜರ್ ಸುಬ್ಬರಾಜು ಸಮಜಾಯಿಷಿ ಹೇಳಿ ಹೇಳಿ ಸುಸ್ತಾಗಿ ಸ್ರವಂತಿಯತ್ತ ನೋಡಿದರು.

"ಏನ್ ತೊಂದ್ರಿ, ಐಲಯ್ಯಣ್ಣ?" ಎಂದು ಕೇಳಿದಳು.

"ತೊಂದ್ರಿ ಇಷ್ಟ ಮೇಡಂ. ಮರ ಮಾತಾಡ್ತೈತಿ. ಮ್ಯಾಲ ಭಾರ ಬಿತ್ತಂದ್ರ ಕಿರ್ ಅಂತೈತಿ, ಚಟ್ ಅಂತೈತಿ, ಓಡ್ರೋ ಅಂತ ಹೇಳ್ತೈತಿ. ನಿಮ್ಮ ಕಬ್ಬಿಣ ಮೂಗ. ಬಾಯಿ ಬಿಡೂದಿಲ್ಲ. ಅದು ಸೋತದ್ದು ನಮಗ ಗೊತ್ತಾಗೂದರಾಗ ನಾವ ಇರೂದಿಲ್ಲ."

ಕೂತವರಲ್ಲಿ ಯಾರೋ ಹೌದೆಂದರು. ಸ್ರವಂತಿಗೆ ಅದು ಹುಂಬತನದ ಮಾತೆನಿಸಲಿಲ್ಲ. ನಿಜವಾದ ಮಾತೇ ಅದು. ಮರ ಮುರಿಯುವ ಮೊದಲು ನರಳುತ್ತದೆ, ಉಕ್ಕು ನರಳುವುದಿಲ್ಲ.

"ಮೂಗರಿಗೂ ಸನ್ನೆ ಮಾಡಾಕ ಬರ್ತೈತಲ್ಲ. ಅದಕ್ಕ ಲೋಲಾಕು," ಎಂದಳು. "ಅದು ನಂಬಿಗಿ ಇಲ್ಲಂದ್ರ ಒಳಗ ಬರ್ರಿ. ನೀವ ಯಾವ ಬೋಲ್ಟ್ ತೋರಸ್ತೀರೋ ಅದನ್ನ ನಾ ಜಗ್ಗಿಸಿ ತೋರಸ್ತೀನಿ. ಹತ್ತು ಟನ್ ಭಾರಕ್ಕ ನಿಂತ್ರ ಕೆಲಸ ಮಾಡ್ರಿ. ಜಾರಿದ್ರ ಬ್ಯಾಡ."

"ಮಾತು?"

"ಮಾತು."

ಸುಬ್ಬರಾಜು ಮತ್ತು ಹತ್ತಾರು ಜನ ಅವಳ ಹಿಂದೆ ಇಳಿದರು. ಜಾಕಿಯನ್ನು ಹೊತ್ತು ತಂದವನು ಪೋಶಂ. ಒಂದು ಕಾಲದಲ್ಲಿ ಮರದ ಆಸರೆ ಕಟ್ಟುವುದರಲ್ಲಿ ಹೆಸರು ಮಾಡಿದವನು, ಈಗ ಬೋಲ್ಟಿನ ತಂಡದ ಮುಖ್ಯಸ್ಥ. ಐಲಯ್ಯ ಕೋಲೆತ್ತಿ ಒಂದು ಬೋಲ್ಟನ್ನು ತೋರಿಸಿದ. ಪೋಶಂ ಅದರ ಬಾಲಕ್ಕೆ ಜಾಕಿ ತೂಗುಹಾಕಿ ಪಂಪು ಒತ್ತಿದ. ಮುಳ್ಳು ಏರಿತು, ಹತ್ತು ದಾಟಿತು, ಬೋಲ್ಟು ಕದಲಲಿಲ್ಲ. ಐಲಯ್ಯ ದೂರದ ಇನ್ನೊಂದನ್ನು ತೋರಿಸಿದ. ಅದೂ ನಿಂತಿತು. ಜನರ ಮುಖ ಸ್ವಲ್ಪ ಸಡಿಲವಾಯಿತು. ಸುಬ್ಬರಾಜು ಕೈಗಡಿಯಾರ ನೋಡಿಕೊಂಡು, "ಆಯ್ತಲ್ಲ, ಇನ್ನು ಶುರು ಮಾಡಿ," ಎಂದರು.

"ಇನ್ನೊಂದು," ಎಂದ ಐಲಯ್ಯ. ದಾರಿಗಳು ಕೂಡುವ ಜಾಗದಿಂದ ಒಳಕ್ಕೆ ಹೋಗುವ ಗಲ್ಲಿಯಲ್ಲಿ, ಗೋಡೆ ಪಕ್ಕದ ಒಂದು ಬೋಲ್ಟಿಗೆ ಕೋಲು ಮುಟ್ಟಿಸಿದ.

ಮುಳ್ಳು ಮೂರಕ್ಕೆ ಬಂತು, ನಾಲ್ಕಕ್ಕೆ ಬಂತು. ಅಲ್ಲಿಂದ ಮೇಲೇರದೆ ಕುಸಿಯಿತು. ಬೋಲ್ಟು ಬೆಣ್ಣೆಯಿಂದ ಚೂರಿ ಎಳೆದಂತೆ ಸದ್ದಿಲ್ಲದೆ ಕೆಳಗಿಳಿಯಿತು.

ಐಲಯ್ಯನ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ. ಸುಬ್ಬರಾಜು ಅವಳ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, "ಒಂದು ಜಾರಿದ್ರೆ ಏನೂ ಆಗಲ್ಲಮ್ಮ. ಅಕ್ಕಪಕ್ಕದವು ಹಿಡ್ಕೊಳ್ಳುತ್ವೆ. ಹಂಗಂತ ಹೇಳಿ ಮುಗಿಸಿ," ಎಂದರು.

ಸ್ರವಂತಿ ಪೋಶಂನಿಗೆ ಪಕ್ಕದ ಬೋಲ್ಟಿಗೆ ಜಾಕಿ ಹಾಕಲು ಹೇಳಿದಳು. ಅದೂ ಜಾರಿತು. ಅದರ ಪಕ್ಕದ್ದೂ.

"ಈ ಗಲ್ಲಿ ಬಂದ್," ಎಂದಳು, ಎಲ್ಲರಿಗೂ ಕೇಳುವಂತೆ. "ಇದರಾಗಿನ ಒಂದೊಂದ ಬೋಲ್ಟೂ ಮತ್ತ ಹಾಕೂತನಕ ಯಾರೂ ಒಳಗ ಕಾಲಿಡಬ್ಯಾಡ್ರಿ. ನಾನೂ ಇಡೂದಿಲ್ಲ. ಐಲಯ್ಯಣ್ಣ, ನೀವು ಹೇಳಿದ್ದು ಖರೆ ಆತು."

ಮೇಲೆ ಬಂದ ಮೇಲೆ ಸುಬ್ಬರಾಜು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕೂಗಾಡಿದರು. ಏರಿಯಾ ಆಫೀಸಿಗೆ ತಾನೇನು ಹೇಳಲಿ, ಮೊದಲೇ ಮುಚ್ಚಬೇಕೆಂದು ಕಾದು ಕೂತಿದ್ದಾರೆ, ನೀವೇ ಬೀಗ ತಂದುಕೊಟ್ಟಿರಿ ಎಂದರು. "ನೀವು ಯಾರ ಕಡೆ, ಅದನ್ನಾದ್ರೂ ಹೇಳಿ."

"ಸರ್, ಚಾವಣಿ ಯಾರ ಕಡಿನೂ ಇಲ್ಲ. ನನಗ ಒಂದು ವಾರ ಕೊಡ್ರಿ."

ಅವರು ಹಾಕಿದ್ದ ಬಾಗಿಲನ್ನು ತಾವೇ ತೆರೆದು, "ಬೈಗುಳ ನನಗೆ ಹೊಸದಲ್ಲ. ಹೋಗಿ, ಕೆಲಸ ನೋಡಿ," ಎಂದರು.

ಕಾರಣ ಹುಡುಕಿಕೊಂಡು ಸ್ರವಂತಿ ಬಾವಿಯೊಳಗಲ್ಲ, ಮೇಲೆಯೇ ಅಲೆದಳು. ಉಗ್ರಾಣದ ತಗಡಿನ ಶೆಡ್ಡಿಗೆ ಹೋದಾಗ ಮಧ್ಯಾಹ್ನ. ಆ ಸೀಮೆಯ ಮೇ ತಿಂಗಳ ಬಿಸಿಲಿಗೆ ಕಾಗೆಯೂ ಹಾರುವುದಿಲ್ಲ. ಶೆಡ್ಡಿನೊಳಗೆ ಹೆಜ್ಜೆಯಿಟ್ಟರೆ ಒಲೆಗೆ ಮುಖವೊಡ್ಡಿದಂತಾಯಿತು. ಗೋಡೆಗೆ ತಾಗಿಸಿ ಒಟ್ಟಿದ್ದ ಪೆಟ್ಟಿಗೆಯೊಂದನ್ನು ಬಿಚ್ಚಿ ಅಂಟಿನ ಕೊಳವೆಯನ್ನು ಹಿಚುಕಿದಳು. ಮೆತ್ತಗಿರಬೇಕಾದದ್ದು ಒಣಗಿದ ಬಳಪದಂತೆ ಗಟ್ಟಿಯಾಗಿತ್ತು. ಹೊಸ ಪೆಟ್ಟಿಗೆಗಳದ್ದು ಬಾಳೆಹಣ್ಣಿನಂತೆ ಬಾಗುತ್ತಿತ್ತು. ಬೇಸಗೆಯ ಶುರುವಿನಲ್ಲಿ ಬಂದು ತಗಡಿಗೆ ತಾಗಿಕೊಂಡೇ ಬೆಂದ ಸರಕು ಪೂರ್ತಿ ಆ ಒಂದು ಗಲ್ಲಿಗೆ ಹೋಗಿತ್ತು.

ಎರಡನ್ನೂ ಕೈಯಲ್ಲಿ ಹಿಡಿದು ಬೇವಿನ ಮರದ ಕೆಳಗೆ ಬಂದು ಐಲಯ್ಯನ ಮುಂದಿಟ್ಟಳು. ಅವನು ಒಂದನ್ನು ಹಿಚುಕಿದ, ಇನ್ನೊಂದನ್ನು ಹಿಚುಕಿದ, ಮೂಸಿಯೂ ನೋಡಿದ.

"ಬಿಸಲಿಗೆ ಮನಷ್ಯಾರ ಗಟ್ಟಿ ಆಗ್ತಾರ. ಇದು ಯಾವ ಲೆಕ್ಕ," ಎಂದ. ಆಮೇಲೆ, "ನೀವು ಸುಮ್ನಿದ್ರ ನಮಗ ಗೊತ್ತಾಗ್ತಿರಲಿಲ್ಲ," ಎಂದ.

"ಸುಮ್ನಿರಾಕ ಆಗಲಿಲ್ಲ."

"ಅದ ನೋಡ್ರಿ," ಎಂದವನು ಎದ್ದು, ಪೋಶಂನ ತಂಡಕ್ಕೆ ಇನ್ನೂ ನಾಲ್ಕು ಜನರನ್ನು ತಾನೇ ಕೂಗಿ ಕಳಿಸಿದ.

ಅಂಟಿನ ಪೆಟ್ಟಿಗೆಗಳು ಅಂದೇ ಬಾವಿಯೊಳಗಿನ ತಂಪಿಗೆ ಇಳಿದವು. ಆ ಗಲ್ಲಿಯ ಬೋಲ್ಟುಗಳನ್ನೆಲ್ಲ ಹೊಸದಾಗಿ ಹಾಕಿ, ಜಾಕಿಯಿಂದ ಜಗ್ಗಿ ನೋಡಿದರು. ವಾರ ಮುಗಿಯುವ ಮೊದಲೇ ಜನ ಟೋಪಿ ಹಾಕಿಕೊಂಡು ಕೆಲಸಕ್ಕೆ ಇಳಿದಿದ್ದರು.

ಮೊದಲ ಕಂಬ ಹೋಯಿತು, ಅದರ ಸಾಲು ಹೋಯಿತು. ಹಿಂದೆ ಗೋಫು ಗುಡುಗಿ ಬೀಳುತ್ತಿತ್ತು, ಮುಂದೆ ಚಾವಣಿ ನಿಲ್ಲುತ್ತಿತ್ತು. ಸ್ರವಂತಿ ದಿನಾ ಬೆಳಿಗ್ಗೆ ಒಂದೊಂದು ಲೋಲಾಕಿನ ಕೆಳಗೂ ದೀಪ ಹಿಡಿದು ನಿಲ್ಲುತ್ತಿದ್ದಳು. ಮಳೆಗಾಲ ಕಳೆದು ಬತುಕಮ್ಮ ಹಬ್ಬ ಬಂದಾಗ ಕಾಲನಿಯ ಹೆಂಗಸರು ಅವಳನ್ನು ಎಳೆದೊಯ್ದು ಹೂವಿನ ಗೋಪುರದ ಸುತ್ತ ಕುಣಿಸಿದರು. ಹೊತ್ತಿಗೆ ಸರಿಯಾಗಿ ಗಂಡ ಮನೆಗೆ ಬರುತ್ತಿದ್ದಾನೆಂಬ ಸಮಾಧಾನ ಆ ಹೆಂಗಸರದ್ದು. ಆದರೂ ಐಲಯ್ಯ ಕೋಲಿನಿಂದ ತಟ್ಟದೆ ಯಾವ ಗಲ್ಲಿಗೂ ಕಾಲಿಡುತ್ತಿರಲಿಲ್ಲ. ತಟ್ಟಿದ ಮೇಲೆ ಕಳ್ಳನಂತೆ ಒಮ್ಮೆ ಲೋಲಾಕಿನತ್ತ ಕಣ್ಣು ಹಾಯಿಸುತ್ತಿದ್ದ. ಅವಳು ನೋಡಿಯೂ ನೋಡದಂತಿದ್ದಳು.

ಕೊನೆಯ ಸಾಲಿನ ಕೆಲಸ ನಡೆದಿತ್ತು. ಐಲಯ್ಯ ಮತ್ತು ಯಂತ್ರದ ತಂಡ, ಎಲ್ಲ ಸೇರಿ ಏಳು ಜನ, ಒಳಗಿನ ಗಲ್ಲಿಯಲ್ಲಿದ್ದರು. ಹಿಂದೆ ಬೋಲ್ಟು ಜಾರಿ, ಮತ್ತೆ ಹಾಕಿದ ಗಲ್ಲಿಯೇ ಅದು. ಸ್ರವಂತಿ ಪೋಶಂನ ತಂಡದೊಡನೆ ಹೊರಗಡೆಯಿಂದ ದಾರಿಗಳು ಕೂಡುವ ಜಾಗಕ್ಕೆ ಬಂದು ದೀಪ ಎತ್ತಿದಳು. ಜೋಡಿಯಲ್ಲಿ ಒಂದು ಲೋಲಾಕು ಹಾಗೇ ಇತ್ತು. ಇನ್ನೊಂದರಲ್ಲಿ ಬೆಳಿಗ್ಗೆ ಕಂಡಿದ್ದ ಹಸಿರು ಇರಲಿಲ್ಲ. ಹಳದಿ ತೂತಿನ ಬಾಯಿಗೆ ಬಂದಿತ್ತು.

ಬೋಲ್ಟುಗಳು ತಮ್ಮ ಕೆಲಸ ಮಾಡುತ್ತಿದ್ದವು. ಅವು ಹೊಲಿದ ಕಲ್ಲು ಬಿರಿದಿರಲಿಲ್ಲ. ಆದರೆ ಅದಕ್ಕೂ ಮೇಲಿನ ಪದರು ಬಿಟ್ಟುಕೊಂಡು, ಹೊಲಿದ ಕಲ್ಲೆಲ್ಲ ಒಂದೇ ಹಲಗೆಯಂತೆ ಕೆಳಗಿಳಿಯುತ್ತಿತ್ತು. ಇನ್ನಷ್ಟು ಬೋಲ್ಟು ಹಾಕಿ ಪ್ರಯೋಜನವಿರಲಿಲ್ಲ. ಕೆಳಗಿನಿಂದಲೇ ಹೊರಬೇಕಿತ್ತು.

"ಪೋಶಂ ಕಾಕಾ, ಮರದ ತುಂಡು ಎಷ್ಟದಾವ?"

"ಆಪತ್ತಿಗಂತ ಇಟ್ಟದ್ದು ಒಂದು ಅಟ್ಟಣಿಗಿ ಕಟ್ಟೂವಷ್ಟು. ಎರಡಕ್ಕೂ ಆದೀತು." ಪೋಶಂ ಮೇಲೆ ನೋಡಿ, ಕೇಳದೆಯೇ ವಿಷಯ ತಿಳಿದುಕೊಂಡ. ತನ್ನ ಜನರತ್ತ ಕೈಬೀಸಿ ತುಂಡುಗಳನ್ನು ಎಳೆಯಲು ಹೊರಟ.

ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಂಡಿತು. ಐಲಯ್ಯ.

"ಮೇಡಂ, ಗೋಫು ಬೆಳಗ್ಗಿಂದ ಗುರ್ ಅನ್ನಾಕ್ಹತ್ತೈತಿ. ಈಗ ಜೋರಾಗೈತಿ. ಹುಡುಗರನ್ನ ಕರ್ಕೊಂಡು ಓಡಿ ಬರ್ತೀನಿ."

"ಬರಬ್ಯಾಡ್ರಿ."

"ಏನಂದ್ರಿ?"

"ನೀವು ಬರೂ ದಾರಿಮ್ಯಾಗ, ಇಲ್ಲಿ ಕೂಡೂ ಜಾಗದಾಗ, ಚಾವಣಿ ಇಳಿಯಾಕ್ಹತ್ತೈತಿ. ಇನ್ನೊಂದು ದಾರಿ ಗೋಫಿನ ಅಂಚಿಗೇ ಐತಿ, ಅದೂ ಬ್ಯಾಡ. ಅಣ್ಣಾ, ನಿಮ್ಮ ತಲಿ ಮ್ಯಾಗಿನ ಲೋಲಾಕು ನೋಡಿ ಹೇಳ್ರಿ."

ದೂರದಲ್ಲಿ ಬೂಟಿನ ಸದ್ದು ಕೇಳಿಸಿತು. ಮರಳಿ ಬಂದ ದನಿ ಬದಲಾಗಿತ್ತು.

"ಹಸಿರು."

"ಎರಡೂ?"

"ಎರಡೂ ಹಸಿರು."

"ಯಂತ್ರದ ಹತ್ತರದ್ದು?"

"ಅದೂ ಹಸಿರ ಐತಿ."

"ಹಂಗಾದ್ರ ಬಾವ್ಯಾಗ ಈಗ ಅದಕ್ಕಿಂತ ಚಲೋ ಜಾಗ ಇಲ್ಲ. ಗ್ವಾಡಿಗಿ ಬೆನ್ನು ಹಚ್ಚಿ ಕುಂದರ್ರಿ. ಗೋಫು ಬಿದ್ರ ಗಾಳಿ ಬಡಿತೈತಿ, ಮಾರಿ ಮುಚ್ಚಿಕೊಳ್ರಿ. ನಾವು ಇಲ್ಲಿ ಆಸರ ಕೊಟ್ಟು ಕರೀತೀವಿ."

"ಮೇಡಂ, ನನ್ನ ಕಾಲು ಓಡು ಅನ್ನಾಕ್ಹತ್ಯಾವ."

"ನನಗ ಗೊತ್ತೈತಿ."

ಗೋಫಿನ ಗೊರಗೊರ ಫೋನಿನಲ್ಲೂ ಕೇಳುತ್ತಿತ್ತು. ಐಲಯ್ಯ ಯಾರಿಗೋ ಗದರಿದ: "ಏ, ಎಲ್ಲಿಗ್ಹೊಂಟಿ? ಕುಂದರಲೇ. ಮೇಡಂ ಕುಂದರ್ರಿ ಅಂದಾಳ." ಆಮೇಲೆ ಫೋನಿಗೆ, "ಕುಂತೀವಿ," ಎಂದ.

ಪೋಶಂ ಅಷ್ಟರಲ್ಲಿ ಚಾವಣಿ ಗಟ್ಟಿಯಿದ್ದ ಕಡೆಯಿಂದಲೇ ಶುರುಮಾಡಿದ್ದ. ಎರಡು ತುಂಡು ಉದ್ದಕ್ಕೆ, ಅದರ ಮೇಲೆ ಎರಡು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಗೂಡಿನಂತೆ ಅಟ್ಟಣಿಗೆ ಏಳುತ್ತಿತ್ತು. ಅವನ ಕೈಗಳಿಗೆ ಹಳೆಯ ಕಸುಬು ಮರಳಿ ಬಂದಿತ್ತು. ತುಂಡು ಕೈಗೆ ಬಂದದ್ದೇ ತಡ, ಅದರ ಜಾಗ ಅದಕ್ಕೆ ಗೊತ್ತಿದ್ದಂತೆ ಕೂರುತ್ತಿತ್ತು.

"ಬಿಡ್ಡಾ, ನಾ ಮ್ಯಾಲ ನೋಡೂದಿಲ್ಲ," ಎಂದ. ತನ್ನ ಮಗಳಿಗೂ ಅವನು ಬಿಡ್ಡಾ ಎಂದೇ ಕರೆಯುತ್ತಿದ್ದದ್ದು. "ನಾ ನೋಡಿದ್ರ ಕೈ ನಡುಗತಾವ. ನೀ ಅದರ ಮ್ಯಾಗಿನ ಕಣ್ಣು ತೆಗೀಬ್ಯಾಡ. ಓಡಂದ್ರ ಓಡ್ತೀನಿ. ನೀ ಅನ್ನೂತನಕ ಕಟ್ತೀನಿ."

ಸ್ರವಂತಿ ಅಂಚಿನಲ್ಲಿ ನಿಂತು ದೀಪವನ್ನು ಲೋಲಾಕಿನ ಮೇಲೆ ನೆಟ್ಟಳು. ಹಳದಿ ತೆಳುವಾಗಿ ಒಳಗೆ ಸರಿಯುತ್ತಿತ್ತು. ಕಣ್ಣಿಗೆ ಸರಿದದ್ದು ಕಾಣುವುದಿಲ್ಲ. ಮತ್ತೆ ನೋಡಿದಾಗ ಕಡಿಮೆಯಾಗಿರುತ್ತದೆ. ಅವಳು ಪಟ್ಟಿಯ ಮೇಲಿನ ಗೀರುಗಳನ್ನು ಗುರುತಿಟ್ಟುಕೊಂಡು ಜೋರಾಗಿ ಹೇಳುತ್ತ ಹೋದಳು. "ಒಂದು ಗೀರು ಹೋತು, ಕಾಕಾ. ಕಟ್ರಿ. ಇನ್ನೂ ದಂಡಿ ಹಳದಿ ಐತಿ. ಕಟ್ರಿ." ಕೆಂಪು ಬಂದರೆ ಪೋಶಂನನ್ನೂ ಅವನ ಜನರನ್ನೂ ಹಿಂದೆ ಕರೆಯಬೇಕು, ಒಳಗಿನ ಏಳು ಜನರ ದಾರಿ ಆಗ ಮುಚ್ಚುತ್ತದೆ. ಅವಳು ಅದನ್ನು ಯೋಚಿಸಿದಳು, ಯೋಚಿಸಿ ಪಕ್ಕಕ್ಕಿಟ್ಟಳು.

ಮೊದಲ ಅಟ್ಟಣಿಗೆ ಚಾವಣಿಗೆ ತಾಗಿತು. ಪೋಶಂ ಬೆಣೆಗಳನ್ನು ಸುತ್ತಿಗೆಯಿಂದ ಬಡಿದು ಬಿಗಿಮಾಡಿದ. ಎರಡನೆಯದಕ್ಕೆ ಕೈಹಾಕಿದಾಗ ಸರಿಯುವುದು ನಿಧಾನವಾಯಿತು.

ಎರಡನೆಯದರ ಬೆಣೆ ಬಡಿಯುತ್ತಿದ್ದಂತೆ ಗೋಫು ಬಿತ್ತು.

ಮೊದಲು ಕಾಲಿನಡಿಯ ನೆಲ ಹೇಳಿತು, ಆಮೇಲೆ ಕಿವಿಗೆ ಬಂತು. ಬೆಟ್ಟವೇ ಮೈ ಮುರಿದು ಮಲಗಿದಂಥ ಸದ್ದು. ಗಾಳಿ ಗಲ್ಲಿಯುದ್ದಕ್ಕೂ ನುಗ್ಗಿ ಅವಳನ್ನು ಗೋಡೆಗೆ ಒತ್ತಿತು. ಧೂಳಿನಲ್ಲಿ ದೀಪದ ಬೆಳಕು ಮೊಳದುದ್ದ ಹೋಗಿ ನಿಂತುಬಿಟ್ಟಿತು. ಮರದ ಅಟ್ಟಣಿಗೆಗಳು ಕಿರ್ ಎಂದು ನರಳಿದವು. ಆಮೇಲೆ ಒಂದು ಸದ್ದೂ ಇಲ್ಲ.

"ಬಿಡ್ಡಾ?" ಧೂಳಿನೊಳಗಿಂದ ಪೋಶಂನ ದನಿ.

"ಅದೀನಿ ಕಾಕಾ. ತಡೀರಿ."

ಧೂಳು ಇಳಿಯಲು ಬಿಟ್ಟಳು. ಕಣ್ಣೊರೆಸಿ ದೀಪ ಎತ್ತಿದಳು. ಹಳದಿ ಇತ್ತು. ಮತ್ತೆ ನೋಡಿದಳು. ಹಳದಿ ಅಲ್ಲೇ ಇತ್ತು. ಗೋಫು ಬಿದ್ದದ್ದರಿಂದ ಅಲ್ಲಿಯವರೆಗೆ ಚಾಚಿಕೊಂಡು ಈ ಜಾಗದ ಮೇಲೆ ಒರಗಿದ್ದ ಭಾರ ಮುರಿದು ಇಳಿದುಹೋಗಿತ್ತು. ಬೀಳಬೇಕಾದದ್ದು ಬಿದ್ದಿತ್ತು, ನಿಲ್ಲಬೇಕಾದದ್ದು ನಿಂತಿತ್ತು. ಅವಳು ಆತುರಪಡದೆ, ಗೀರನ್ನೇ ನೋಡುತ್ತ, ಪೋಶಂ ಕೂತು ಒಂದು ಬಾಟಲಿ ನೀರು ಕುಡಿದು ಮುಗಿಸುವಷ್ಟು ಹೊತ್ತು ನಿಂತಳು. ಅದು ಕದಲಲಿಲ್ಲ.

ಫೋನು ಎತ್ತಿದಳು.

"ಅಣ್ಣಾ?"

"ಎಲ್ಲಾರೂ ಅದೀವಿ," ಎಂದ ಐಲಯ್ಯ, ಕೆಮ್ಮುತ್ತ. "ಹಸಿರ ಐತಿ. ನೀವು ಕೇಳೂಕಿಂತ ಮೊದ್ಲ ನೋಡೀನಿ."

"ಈಗ ಬರ್ರಿ. ಓಡಬ್ಯಾಡ್ರಿ. ನಡಕೊಂತ ಬರ್ರಿ."

ಒಂದರ ಹಿಂದೊಂದು ದೀಪಗಳು ಬಂದವು. ಅಟ್ಟಣಿಗೆಗಳ ನಡುವೆ ಹಾಯುವಾಗ ಪ್ರತಿಯೊಬ್ಬನೂ ತಲೆಯೆತ್ತಿ ಲೋಲಾಕು ನೋಡಿದ. ಮುಖಗಳು ಕಪ್ಪಗೆ, ಹಲ್ಲು ಮಾತ್ರ ಬಿಳಿ. ಕೊನೆಗೆ ಐಲಯ್ಯ. ನಡುವೆ ನಿಂತು ರೂಢಿಯಂತೆ ಕೋಲೆತ್ತಿದ.

"ತಟ್ಟಬ್ಯಾಡೋ ಮಾರಾಯ," ಎಂದ ಪೋಶಂ. "ಅದರ ಪಾಡಿಗೆ ಅದು ನಿಂತೈತಿ, ಯಾಕ ಕೆಣಕ್ತಿ?"

ಎಲ್ಲರೂ ನಕ್ಕರು. ನಗು ಶುರುವಾದದ್ದು ನಿಲ್ಲಲೇ ಇಲ್ಲ. ಗೋಡೆ ಹಿಡಿದು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸ್ರವಂತಿಯೂ ನಕ್ಕಳು. ಗಟ್ಟಿ ಚಾವಣಿಯ ಕಡೆಗೆ ಸರಿದು ಮರದ ತುಂಡಿನ ಮೇಲೆ ಕೂತಳು. ಐಲಯ್ಯ ಅವಳ ಪಕ್ಕ ಬಂದು ಕೂತ.

"ನಮ್ಮ ಬಾಮೈದನ ಕಾಲು ಮುರಿದ ದಿನ ನಾ ಓಡ್ರಿ ಅಂದಿದ್ದೆ," ಎಂದ ಮೆಲ್ಲಗೆ. "ಓಡಿದ್ರು. ನಿಂತಿದ್ರ ಕಾಲು ಉಳೀತಿದ್ವೋ ಏನೋ, ಆಗ ಹೇಳಾವ್ರು ಯಾರೂ ಇರಲಿಲ್ಲ." ಅವಳು ತನ್ನ ನೀರಿನ ಬಾಟಲಿ ಕೊಟ್ಟಳು. ಅವನು ಅರ್ಧ ಕುಡಿದು ಅರ್ಧ ಮುಖಕ್ಕೆ ಹೊಯ್ದುಕೊಂಡ.

ಮರುದಿನ ಅಟ್ಟಣಿಗೆಗಳ ನಡುವಿನಿಂದಲೇ ಯಂತ್ರವನ್ನು ಹೊರತಂದರು. ಚಾವಣಿ ಕೂದಲೆಳೆಯಷ್ಟೂ ಇಳಿಯಲಿಲ್ಲ. ದಸರಾ ಕಳೆದು ದೀಪಾವಳಿ ಹೊತ್ತಿಗೆ ಕೊನೆಯ ಸಾಲಿನ ಕೊನೆಯ ಕಂಬವೂ ಹೊರಗೆ ಬಂತು. ಆ ಭಾಗದ ಕೆಲಸ ಮುಗಿಯುವವರೆಗೆ ಒಬ್ಬರಿಗೂ ಒಂದು ಗೀರು ಗಾಯವಾಗಲಿಲ್ಲ. ಮೂರನೇ ಬಾವಿ ತೆರೆದ ಮೇಲೆ ಹಾಗೆ ಆದದ್ದು ಅದೇ ಮೊದಲು. ತಪಾಸಣೆಗೆ ಬಂದ ದೊಡ್ಡ ಅಧಿಕಾರಿಗಳು ಒಳಗೆಲ್ಲ ಓಡಾಡಿ, ಇಟ್ಟಿಗೆ ಗೋಡೆಯ ಆಚೆ ಮುಚ್ಚಿಟ್ಟ ಭಾಗವನ್ನೂ ಇದೇ ರೀತಿ ತೆಗೆಯಬಹುದೆಂದು ಒಪ್ಪಿದರು. ಅಲ್ಲಿದ್ದ ಕಂಬಗಳು ಒಂದು ತಲೆಮಾರಿಗೆ ಸಾಕಾಗುವಷ್ಟಿದ್ದವು.

ಆ ಸುದ್ದಿಯನ್ನು ಸುಬ್ಬರಾಜು ಕಚೇರಿಯಿಂದ ಹೊರಗೆ ಬಂದು ತಾವೇ ಹೇಳಿದರು. ಹೇಳುವಾಗ ನಡುವೆ ಕೆಮ್ಮಿದಂತೆ ನಟಿಸಿದರು. ಡೋಲು ಎಲ್ಲಿಂದ ಬಂತೋ, ಬಾವಿಯ ಅಂಗಳದಲ್ಲಿ ಮೊಳಗತೊಡಗಿತು. ಕಾಲನಿಯಿಂದ ಹೆಂಗಸರು ಬಂದರು. ಮಸಾಲೆಯ ಬಗಾರಾ ಅನ್ನದ ದೊಡ್ಡ ಹಂಡೆ ಏರಿತು, ಪಕ್ಕದಲ್ಲಿ ಮಟನ್ನು ಕುದಿಯಿತು. ಏರಿಯಾ ಆಫೀಸಿನಿಂದ ಬಂದಿದ್ದ ಒಬ್ಬ ಅಧಿಕಾರಿ ಎಲೆಯ ಮುಂದೆ ಕೂತು, "ಕೊನೆಗೂ ಆ ದಾರಿ ಕೂಡುವ ಜಾಗದಲ್ಲಿ ಏನೂ ಬೀಳಲೇ ಇಲ್ಲವಲ್ಲ. ಅಷ್ಟೊಂದು ಗಾಬರಿ ಬೇಕಿತ್ತಾ?" ಎಂದು ಕೇಳಿದ.

ಬಡಿಸುತ್ತಿದ್ದ ಐಲಯ್ಯ ಸೌಟು ಹಿಡಿದೇ ನಿಂತ.

"ಸಾಹೇಬ್ರ, ಬೀಳಲಿಲ್ಲ ಅಂತ ಇವತ್ತು ನಾ ಬಡಸಾಕ್ಹತ್ತೀನಿ. ಬಿದ್ದಿದ್ರ ನಮ್ಮ ಮನ್ಯಾಗ ನೀವು ತಿಥಿ ಊಟಕ್ಕ ಕೂಡ್ತಿದ್ರಿ, ನಾ ಇರ್ತಿರಲಿಲ್ಲ," ಎಂದು ಅವನ ಎಲೆಗೆ ಇನ್ನೆರಡು ತುಂಡು ಹಾಕಿದ.

ಸ್ರವಂತಿಗೆ ಹೊಟ್ಟೆ ಹಸಿದಿತ್ತು. ಮೂರು ಸಲ ಅನ್ನ ಹಾಕಿಸಿಕೊಂಡಳು. ಕೈ ತೊಳೆಯಲು ಎದ್ದವಳಿಗೆ ಹಾಜರಿ ಕಿಟಕಿಯ ಹತ್ತಿರ ಗಲಾಟೆ ಕೇಳಿಸಿತು. ಇಟ್ಟಿಗೆ ಗೋಡೆ ಒಡೆದು ಹೊಸ ಭಾಗಕ್ಕೆ ಮೊದಲು ಇಳಿಯುವ ಪಾಳಿಯಲ್ಲಿ ಹೆಸರು ಹಾಕಿಸಲು ಜನ ತಳ್ಳಾಡುತ್ತಿದ್ದರು. ಐಲಯ್ಯ ಸೌಟು ಬಿಸಾಕಿ ಓಡಿಬಂದು, ತನ್ನ ಮೈಯನ್ನೇ ಅಡ್ಡ ಕೊಟ್ಟು ಕಿಟಕಿ ಹಿಡಿದು ನಿಂತಿದ್ದ.

"ಸಾಲಾಗಿ ನಿಲ್ರೋ," ಎಂದು ಕೂಗುತ್ತಿದ್ದ. "ಮೊದಲು ಚಾವಣಿ ಮೇಡಂ ಹೆಸರು ಬರೀಲಿ. ಆಮ್ಯಾಲ ನಂದು. ಉಳಿದದ್ದು ನೀವು ಬಡಿದಾಡಿಕೊಳ್ರಿ."